ಬಿಯರ್ ರುಚಿ ಕೆಟ್ಟಿದೆ ಅನ್ನಿಸಿದರೆ: ಗ್ಲಾಸಿನಿಂದ ಟ್ಯಾಂಕ್‌ವರೆಗೆ ದೋಷ ಹುಡುಕುವುದು ಹೇಗೆ

ಮಂಗಳೂರು, ಮಣಿಪಾಲದ ಕಡೆ ಟ್ಯಾಪ್‌ನಿಂದ ಬರುವ ಕ್ರಾಫ್ಟ್ ಬಿಯರ್ ಈಗ ಹೊಸತೇನಲ್ಲ. ಆದರೆ ಕೆಟ್ಟ ಗ್ಲಾಸ್ ಕೈಗೆ ಬಂದಾಗ ಏನು ಮಾಡಬೇಕು ಅನ್ನೋದು ಇನ್ನೂ ಹೆಚ್ಚಿನವರಿಗೆ ಗೊತ್ತಿಲ್ಲ. ಕೆಲವರು "ಕ್ರಾಫ್ಟ್ ಅಂದ್ರೆ ಹೀಗೇ ಇರ್ತದೆ" ಅಂತ ಮುಖ ಹಿಂಡಿಕೊಂಡೇ ಮುಗಿಸುತ್ತಾರೆ. ಕೆಲವರು ಒಂದು ಗುಟುಕಿಗೇ ವಿಷ ಬಿದ್ದಿದೆ ಅಂತ ಗಲಾಟೆ ಎಬ್ಬಿಸುತ್ತಾರೆ. ಎರಡೂ ಬೇಡ. ಕೆಟ್ಟದ್ದು ಎಲ್ಲಿ ಸೇರಿಕೊಂಡಿತು ಅನ್ನೋದನ್ನು ಕುಡಿಯುವವರೇ ಕೂತಲ್ಲಿಂದ ಅರ್ಧ ಪತ್ತೆ ಮಾಡಬಹುದು.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಮಾಮೂಲಿ ಬಿಯರ್‌ನ ಪಿಎಚ್ ಸುಮಾರು 4ರಿಂದ 4.5. ಅದರಲ್ಲಿ ಆಲ್ಕೊಹಾಲ್ ಇದೆ, ಹಾಪ್ಸ್‌ನ (ಬಿಯರ್‌ಗೆ ಹಾಕುವ ಕಹಿ ಹೂವಿನ) ಕಹಿ ಇದೆ, ಕಾರ್ಬನ್ ಡೈಆಕ್ಸೈಡ್ ತುಂಬಿದೆ, ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೊಟ್ಟೆ ಕೆಡಿಸುವ ರೋಗಾಣುಗಳು ಇಲ್ಲಿ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಬೆಳೆಯುವುದು ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್, ಅಸಿಟೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾಗಳು, ಮತ್ತೆ ಕಾಡು ಯೀಸ್ಟ್, ಅಂದರೆ ಬ್ರೂ ಮಾಡುವವರು ಹಾಕದೆ ಹೊರಗಿಂದ ಸೇರಿಕೊಂಡ ಯೀಸ್ಟ್. ಇವು ರುಚಿ ಹಾಳು ಮಾಡುತ್ತವೆ, ಸಾಮಾನ್ಯವಾಗಿ ಜೀವಕ್ಕೆ ತೊಂದರೆ ಮಾಡುವುದಿಲ್ಲ. (ಆಲ್ಕೊಹಾಲ್ ಇಲ್ಲದ ಬಿಯರ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಅದು ಕೆಟ್ಟಿದೆ ಅನ್ನಿಸಿದರೆ ಸುಮ್ನೆ ಚೆಲ್ಲಿ.) ನಿಜವಾದ ಅಪಾಯ ಬರುವುದು ಕ್ಲೀನಿಂಗ್ ಕೆಮಿಕಲ್‌ನಿಂದ, ಟ್ಯಾಂಕ್ ತಂಪು ಮಾಡುವ ದ್ರವದಿಂದ, ಗಾಜಿನ ಚೂರಿನಿಂದ. ನಾಲಿಗೆಗೆ ಅಸಹ್ಯ ಅನ್ನಿಸಿದ್ದೆಲ್ಲ ಅಪಾಯ ಅಲ್ಲ, ಅಪಾಯದ್ದೆಲ್ಲ ನಾಲಿಗೆಗೆ ಸಿಗುವುದೂ ಇಲ್ಲ. ಅದಕ್ಕೇ ಮೊದಲು ಅಪಾಯದ ಲಕ್ಷಣಗಳನ್ನೇ ಹೇಳುತ್ತೇನೆ.

ಬಾಯಿ ಉರಿಯುತ್ತದೆ, ಸಾಬೂನಿನ ಹಾಗೆ ಜಾರುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ

ಇಲ್ಲಿ ಇನ್ನೊಂದು ಗುಟುಕಿನ ಪರೀಕ್ಷೆ ಬೇಡವೇ ಬೇಡ. ಟ್ಯಾಪ್ ಲೈನ್ (ಟ್ಯಾಪ್‌ಗೆ ಬಿಯರ್ ತರುವ ಕೊಳವೆ) ತೊಳೆಯಲು ಕಾಸ್ಟಿಕ್ ಸೋಡಾ ಬಳಸುತ್ತಾರೆ. ಸರಿಯಾಗಿ ನೀರು ಬಿಟ್ಟು ತೊಳೆಯದಿದ್ದರೆ ಅದೇ ಮೊದಲ ಗ್ಲಾಸಿಗೆ ಬರುತ್ತದೆ. ತುಟಿ, ನಾಲಿಗೆ ಜಾರಿದ ಹಾಗೆ ಆಗಿ ಹಿಂದೆಯೇ ಉರಿ ಶುರುವಾದರೆ ಅದನ್ನೇ ಅನುಮಾನಿಸಿ. ಕ್ರಿಮಿನಾಶಕವಾಗಿ ಬಳಸುವ ಪೆರಾಸಿಟಿಕ್ ಆಸಿಡ್ ಆದರೆ ವಿನೆಗರ್ ವಾಸನೆ ಬರುತ್ತದೆ, ಆದರೆ ಕೆಟ್ಟ ಬಿಯರ್‌ನ ಹುಳಿಯಂತೆ ಮೆಲ್ಲಗಲ್ಲ, ಮೂಗು ಸುಡುವ ಘಾಟು.

ಉಗಿಯಿರಿ. ಬಾಯಿಯನ್ನು ತುಂಬಾ ನೀರಿನಲ್ಲಿ ಮುಕ್ಕಳಿಸಿ. ವಾಂತಿ ಮಾಡಿಸಬೇಡಿ, ಒಳಗೆ ಹೋದದ್ದು ಮೇಲೆ ಬರುವಾಗ ಗಂಟಲನ್ನು ಮತ್ತೊಮ್ಮೆ ಸುಡುತ್ತದೆ. ನಿಂಬೆಹುಳಿ, ವಿನೆಗರ್ ಕೊಟ್ಟು "ಸರಿ ಮಾಡುವ" ಪ್ರಯತ್ನವೂ ಬೇಡ. ನುಂಗಿದ್ದರೆ, ಬಾಯಿ ಗಂಟಲು ಉರಿಯುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಕಷ್ಟ ಆಗುತ್ತಿದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಯಾವ ಕೆಮಿಕಲ್ ಬಳಸಿದ್ದರು ಅಂತ ಬಾರ್‌ನವರನ್ನು ಕೇಳಿ, ಆ ಕ್ಯಾನಿನ ಲೇಬಲ್‌ನ ಫೋಟೋ ತೆಗೆದುಕೊಂಡೇ ಹೋಗಿ. ಡಾಕ್ಟರಿಗೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ. ಟ್ಯಾಪ್ ಬಂದ್ ಮಾಡಿಸುವುದನ್ನೂ ಮರೆಯಬೇಡಿ, ಪಕ್ಕದ ಟೇಬಲ್‌ಗೂ ಅದೇ ಲೈನ್‌ನಿಂದ ಹೋಗುತ್ತಿರಬಹುದು.

ಇನ್ನೊಂದು ಅಪಾಯ ನಾಲಿಗೆಗೆ ತಿಳಿಯುವುದೇ ಇಲ್ಲ. 2020ರ ಜನವರಿಯಲ್ಲಿ ಬ್ರೆಜಿಲ್‌ನಲ್ಲಿ ಒಂದು ಬ್ರೂವರಿಯ ಬಿಯರ್‌ಗೆ ಡೈಎಥಿಲೀನ್ ಗ್ಲೈಕಾಲ್ ಸೇರಿ ಹಲವರ ಕಿಡ್ನಿ ಕೆಟ್ಟಿತು, ಜೀವವೂ ಹೋಯಿತು. ಟ್ಯಾಂಕ್ ತಂಪು ಮಾಡುವ ದ್ರವದಲ್ಲಿದ್ದ ವಸ್ತು ಅದು, ರುಚಿಯಲ್ಲಿ ಸಿಹಿ. ಬಿಯರ್ ಕುಡಿದ ಮೇಲೆ ನಿಲ್ಲದ ವಾಂತಿ, ಹೊಟ್ಟೆನೋವು, ಮೂತ್ರ ಕಡಿಮೆಯಾಗುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದು ಕಂಡರೂ ಹ್ಯಾಂಗೋವರ್ ಅಂತ ಮಲಗಿಬಿಡಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಏನೋ ಸರಿಯಿಲ್ಲ, ಆದರೆ ಏನಂತ ಗೊತ್ತಾಗುವುದಿಲ್ಲ

ಹೆಚ್ಚಿನ ದೂರುಗಳು ಹೀಗೇ ಶುರುವಾಗುತ್ತವೆ. ಖರ್ಚಿಲ್ಲದ ಪರೀಕ್ಷೆಗಳಿಂದ ಹೊರಡಿ.

ಮೊದಲು ನಿಮ್ಮ ಬಾಯಿ. ಚಿಕನ್ ಘೀ ರೋಸ್ಟ್ ತಿಂದ ಬಾಯಲ್ಲಿ ಬಿಯರ್‌ಗೆ ಬೆಣ್ಣೆ ವಾಸನೆ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ನೀರು ಕುಡಿದು, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಪಕ್ಕದಲ್ಲಿ ಕೂತವರಿಗೆ ಏನೂ ಹೇಳದೆ ಮೂಸಲು ಕೊಡಿ. ನೀವೇ ಮೊದಲು "ಇದು ಹುಳಿ ಅಲ್ವಾ?" ಅಂತ ಕೇಳಿದರೆ ಅವರಿಗೂ ಹುಳಿಯೇ ಸಿಗುತ್ತದೆ.

ಆಮೇಲೆ ಗ್ಲಾಸ್. ಅಂಜಲ್ ಫ್ರೈ ತಟ್ಟೆ ತೊಳೆದ ಸಿಂಕ್‌ನಲ್ಲೇ, ಅದೇ ಸ್ಪಂಜಿನಲ್ಲಿ ಬಿಯರ್ ಗ್ಲಾಸ್ ತೊಳೆದರೆ ಮೀನಿನ ಎಣ್ಣೆಯ ಪಸೆ ಗಾಜಿಗೆ ಹಿಡಿಯುತ್ತದೆ. ನೊರೆ ಕೂಡಲೇ ಇಳಿದುಹೋಗುವುದು, ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿ ನಿಲ್ಲುವುದು ಇದರ ಗುರುತು. ಮನೆಯಲ್ಲಾದರೆ ಗ್ಲಾಸ್ ಒಳಗೆ ನೀರು ಹಾಕಿ ಚೆಲ್ಲಿ, ಒದ್ದೆ ಇರುವಾಗಲೇ ಪುಡಿ ಉಪ್ಪು ಉದುರಿಸಿ. ಉಪ್ಪು ಎಲ್ಲ ಕಡೆ ಸಮನಾಗಿ ಅಂಟಿದರೆ ಗ್ಲಾಸ್ ಕ್ಲೀನ್. ಅಲ್ಲಲ್ಲಿ ಉದುರಿ ಖಾಲಿ ಪಟ್ಟೆ ಕಂಡರೆ ಅಲ್ಲಿ ಜಿಡ್ಡಿದೆ. ಖಾಲಿ ಗ್ಲಾಸನ್ನು ಮೂಸಿಯೂ ನೋಡಿ. ಮಳೆಗಾಲದಲ್ಲಿ ಬೋರಲು ಹಾಕಿಟ್ಟ ಗ್ಲಾಸಿಗೆ ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಬರುವುದು ನಮ್ಮ ಊರಲ್ಲಿ ತೀರಾ ಮಾಮೂಲು.

ಮೂರನೆಯದು ತಂಪು. ತೀರಾ ತಣ್ಣಗಿದ್ದರೆ ವಾಸನೆಗಳು ಮೇಲೆ ಏಳುವುದಿಲ್ಲ. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿ, ಅಂಗೈ ಮುಚ್ಚಿ ಮೆಲ್ಲಗೆ ತಿರುಗಿಸಿ, ಕೈ ತೆಗೆದ ಕೂಡಲೇ ಚಿಕ್ಕದಾಗಿ ಎರಡು ಸಲ ಮೂಸಿ. ದೀರ್ಘವಾಗಿ ಎಳೆದರೆ ಮೂಗು ಬೇಗ ಒಗ್ಗಿಬಿಡುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ.

ಇಷ್ಟಾದ ಮೇಲೂ ಅನುಮಾನ ಇದ್ದರೆ ಕೌಂಟರ್‌ಗೆ ಹೋಗಿ ಮರ್ಯಾದೆಯಿಂದ ಕೇಳಿ: "ಅಣ್ಣ, ಇದು ಯಾಕೋ ಬೇರೆ ಥರ ಇದೆ. ಹೊಸ ಗ್ಲಾಸಲ್ಲಿ ಒಂದು ಚೂರು ಹಾಕಿ ಕೊಡ್ತೀರಾ?" ಹೊಸ ಗ್ಲಾಸಲ್ಲಿ ಸರಿ ಇದ್ದರೆ ದೋಷ ಹಳೇ ಗ್ಲಾಸಿನದು. ಅದರಲ್ಲೂ ಹಾಗೇ ಇದ್ದರೆ ಮುಂದೆ ಓದಿ.

ಬೆಣ್ಣೆ, ಪಾಪ್‌ಕಾರ್ನ್ ವಾಸನೆ, ನಾಲಿಗೆ ಮೇಲೆ ಎಣ್ಣೆಯ ಜಾರು

ಇದರ ಹೆಸರು ಡೈಅಸಿಟೈಲ್. ಬಹಳ ಸಲ ಎದುರಾಗುವ ದೋಷ ಇದು, ತಪ್ಪು ತಿಳಿಯುವುದೂ ಇದನ್ನೇ. ಯಾಕೆಂದರೆ ಅದು ಎರಡು ದಾರಿಯಲ್ಲಿ ಬರುತ್ತದೆ. ಹುದುಗುವಾಗ ಯೀಸ್ಟ್ ಇದನ್ನು ತಾನೇ ಬಿಡುತ್ತದೆ, ಆಮೇಲೆ ಸಮಯ ಕೊಟ್ಟರೆ ತಾನೇ ಹೀರಿಕೊಳ್ಳುತ್ತದೆ. ಅವಸರದಲ್ಲಿ ಟ್ಯಾಂಕ್ ತಂಪು ಮಾಡಿಬಿಟ್ಟರೆ ಉಳಿದುಹೋಗುತ್ತದೆ. ಇನ್ನೊಂದು ದಾರಿ ಪೀಡಿಯೋಕಾಕಸ್, ಲ್ಯಾಕ್ಟೋಬ್ಯಾಸಿಲಸ್. ಇವು ಲೈನ್‌ನಲ್ಲೋ ಕೆಗ್‌ನಲ್ಲೋ (ಬಿಯರ್ ತುಂಬಿಡುವ ಸ್ಟೀಲ್ ಪೀಪಾಯಿಯಲ್ಲೋ) ಸೇರಿಕೊಂಡು ಇದನ್ನು ಮಾಡುತ್ತಲೇ ಹೋಗುತ್ತವೆ. ಯೀಸ್ಟ್ ಬಿಟ್ಟ ಬೆಣ್ಣೆ ಟ್ಯಾಂಕಿನಲ್ಲಿ ದಿನ ಕಳೆದಂತೆ ಇಳಿಯುತ್ತದೆ, ಬ್ಯಾಕ್ಟೀರಿಯಾದ್ದು ಏರುತ್ತದೆ, ಜೊತೆಗೆ ಹುಳಿಯೂ ಸೇರುತ್ತದೆ.

ಕುಡಿಯುವವರು ಮಾಡಬಹುದಾದ ಪರೀಕ್ಷೆ ಸುಲಭ. ಅದೇ ಬಿಯರ್ ಬೇರೆ ಟ್ಯಾಪ್‌ನಲ್ಲಿದ್ದರೆ ಅಲ್ಲಿಂದ ಸ್ವಲ್ಪ ಕೇಳಿ. ಅಲ್ಲಿ ಬೆಣ್ಣೆ ಇಲ್ಲ, ಇಲ್ಲಿ ಇದೆ ಅಂದರೆ ತಪ್ಪು ಬ್ರೂ ಮಾಡಿದವರದಲ್ಲ, ಲೈನ್‌ನದು. ಎರಡರಲ್ಲೂ ಇದ್ದರೆ ಕೆಗ್ ಅಥವಾ ಟ್ಯಾಂಕ್.

ಮಂಗಳೂರಿನ ಒಂದು ಕಡೆ ಇದನ್ನು ಹತ್ತಿರದಿಂದ ನೋಡಿದ್ದೇನೆ. ಮಧ್ಯಾಹ್ನ ಬಾಗಿಲು ತೆರೆದ ಮೇಲೆ ಮೊದಲು ಹಾಕಿದ ವಿಟ್‌ಬಿಯರ್ (ಗೋಧಿಯ ಬಿಯರ್) ಗಮ್ಮನೆ ಬೆಣ್ಣೆ. ಮೂರು ನಾಲ್ಕು ಗ್ಲಾಸ್ ಹೋದ ಮೇಲೆ ಅದೇ ಟ್ಯಾಪ್‌ನದ್ದು ಶುದ್ಧ, ಕಿತ್ತಳೆ ಸಿಪ್ಪೆ ಕೊತ್ತಂಬರಿ ಬೀಜದ ಪರಿಮಳ ಬಿಟ್ಟು ಬೇರೇನೂ ಇಲ್ಲ. ರಾತ್ರಿಯಿಡೀ ಲೈನ್‌ನಲ್ಲಿ ನಿಂತ ಬಿಯರ್ ಕೆಟ್ಟಿತ್ತು, ಕೆಗ್‌ನದ್ದು ಚೆನ್ನಾಗಿತ್ತು. ಟ್ಯಾಪ್ ಬಿಚ್ಚಿದಾಗ ಹೊರಗೆ ಫಳಫಳ ಹೊಳೆಯುವ ಸ್ಟೀಲ್, ಒಳಗೆ ಬೆರಳಾಡಿಸಿದರೆ ಕಂದು ಬಣ್ಣದ ಲೋಳೆ, ಉಗುರಿನಿಂದ ಕೆರೆದರೆ ಪದರವಾಗಿ ಎದ್ದು ಬಂತು, ಹುಳಿ ಮಜ್ಜಿಗೆಯ ವಾಸನೆ. ಸೀಲ್‌ನ ರಬ್ಬರ್ ಬಳೆಯ ಹಿಂದೆ ಕಪ್ಪು ಕಲೆ. ಲೈನ್‌ಗೆ ನೀರು ಬಿಡುತ್ತಿದ್ದರು, ಆದರೆ ಟ್ಯಾಪ್ ಬಿಚ್ಚಿ ತೊಳೆಯುತ್ತಿರಲಿಲ್ಲ. ನೀರಷ್ಟೇ ಬಿಟ್ಟರೆ ಆ ಲೋಳೆ ಅಲ್ಲಾಡುವುದೂ ಇಲ್ಲ.

ಹಾಗಾಗಿ "ಮೊದಲ ಗ್ಲಾಸ್ ಕೆಟ್ಟದ್ದು, ಆಮೇಲಿನದ್ದು ಸರಿ" ಅನ್ನುವುದು ಲೈನ್ ದೋಷದ ದೊಡ್ಡ ಗುರುತು. ಕೌಂಟರ್‌ನವರಿಗೆ ಹೇಳುವಾಗ ಇಷ್ಟನ್ನು ಹೇಳಿದರೂ ಅವರ ಅರ್ಧ ಕೆಲಸ ಉಳಿಯುತ್ತದೆ.

ಹುಳಿ

ಹುಳಿ ಅಂದ ಕೂಡಲೇ ಕೆಟ್ಟಿದೆ ಅನ್ನಬೇಡಿ, ಮೊದಲು ಮೆನು ನೋಡಿ. ಗೋಸೆ, ಬರ್ಲಿನರ್ ವೈಸ್ ಅಂತ ಬರೆದಿದ್ದರೆ ಹುಳಿ ಬೇಕೆಂದೇ ತರಿಸಿದ್ದು. ಹಣ್ಣು ಹಾಕಿದ ಬಿಯರ್‌ಗೂ ಸ್ವಲ್ಪ ಹುಳಿ ಇರಬಹುದು. ಲಾಗರ್, ವೀಟ್ ಬಿಯರ್, ಸ್ಟೌಟ್ ಹುಳಿಯಾಗಿದ್ದರೆ ಮಾತ್ರ ಅನುಮಾನಪಡಿ.

ಆಮೇಲೆ ಎಂಥ ಹುಳಿ ಅಂತ ನೋಡಿ. ಮೊಸರಿನಂತೆ ಮೆತ್ತಗಿನ, ಮೂಗಿಗೆ ಹೆಚ್ಚು ಸಿಗದ, ನಾಲಿಗೆಯ ಎರಡು ಬದಿಗೆ ತಾಗುವ ಹುಳಿ ಲ್ಯಾಕ್ಟಿಕ್. ಇದು ಗಾಳಿ ಇಲ್ಲದೆಯೂ ಬೆಳೆಯುತ್ತದೆ. ಮುಚ್ಚಿದ ಬಾಟಲಿಯಲ್ಲಿ, ಕೆಗ್‌ನಲ್ಲಿ ಬಂದಿದ್ದರೆ ಸಾಮಾನ್ಯವಾಗಿ ಇದೇ. ಹಾಪ್ಸ್‌ನ ಕಹಿ ಈ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಅದಕ್ಕೇ ಕಹಿ ಕಡಿಮೆ ಇರುವ ವಿಟ್, ಹೆಫೆವೈಝನ್‌ನಂಥ ಗೋಧಿ ಬಿಯರ್‌ಗಳು ಮೊದಲು ಬಲಿಯಾಗುತ್ತವೆ, ಕಹಿ ಜಾಸ್ತಿ ಇರುವ ಐಪಿಎ ಕೊನೆಗೆ. ಆದರೆ ಹಾಪ್ಸ್‌ಗೆ ಒಗ್ಗಿಕೊಂಡ ತಳಿಗಳೂ ಇವೆ.

ಮೂಗಿಗೇ ಮೊದಲು ಬರುವ, ಗಂಟಲು ಹಿಡಿಯುವ ಚೂಪು ಹುಳಿ ಅಸಿಟಿಕ್, ಅಂದರೆ ವಿನೆಗರ್. ಇದಕ್ಕೆ ಗಾಳಿ ಬೇಕು. ನಮ್ಮ ಕರಾವಳಿಯಲ್ಲಿ ಕಳ್ಳು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬೆಳಿಗ್ಗೆ ಇಳಿಸಿದ್ದು ಸಿಹಿ, ಸಂಜೆಗೆ ಹುಳಿ, ತೆರೆದಿಟ್ಟು ದಿನಗಳು ಹೋದರೆ ಅಡುಗೆಗೆ ಹಾಕುವ ವಿನೆಗರ್. ಬಿಯರ್‌ನಲ್ಲಿ ವಿನೆಗರ್ ಸಿಕ್ಕಿತು ಅಂದರೆ ಗಾಳಿ ಒಳಗೆ ಹೋದ ಜಾಗ ಹುಡುಕಿ: ಸಡಿಲ ಮುಚ್ಚಳ, ಅರ್ಧ ಖಾಲಿ ಗ್ರೌಲರ್ (ಟ್ಯಾಪ್‌ನಿಂದ ತುಂಬಿಸಿ ಮನೆಗೆ ಒಯ್ಯುವ ದೊಡ್ಡ ಬಾಟಲಿ), ಟ್ಯಾಪ್‌ನ ಬಾಯಿ, ಡ್ರಿಪ್ ಟ್ರೇ. ಹಣ್ಣಿನ ನೊಣಗಳು ಈ ಬ್ಯಾಕ್ಟೀರಿಯಾವನ್ನು ಕಾಲಿನಲ್ಲೇ ಹೊತ್ತು ತರುತ್ತವೆ. ಟ್ಯಾಪ್ ಬಾಯಿಯ ಸುತ್ತ ನೊಣ ಕಂಡರೆ ಕಾರಣ ಬಹುತೇಕ ಸಿಕ್ಕಿದಂತೆ.

ಒಂದು ಗುಟುಕು ಹುಳಿ ಬಿಯರ್ ನುಂಗಿದ್ದಕ್ಕೆ ಹೆದರಬೇಡಿ. ಮುಗಿಸಲೇಬೇಕೆಂದೂ ಇಲ್ಲ. ಆದರೆ ರೋಗನಿರೋಧಕ ಶಕ್ತಿ ಕಡಿಮೆ ಇರುವವರು, ಅಂಥ ಚಿಕಿತ್ಸೆಯಲ್ಲಿ ಇರುವವರು ಕೆಟ್ಟ ಬಿಯರನ್ನು ರುಚಿ ನೋಡಲೂ ಹೋಗಬೇಡಿ.

ಲವಂಗ, ಬ್ಯಾಂಡೇಜ್, ಆಸ್ಪತ್ರೆ ವಾಸನೆ

ಹೆಫೆವೈಝನ್‌ನಲ್ಲಿ ಲವಂಗ, ಬಾಳೆಹಣ್ಣಿನ ಪರಿಮಳ ಬರಲೇಬೇಕು, ಆ ಯೀಸ್ಟ್‌ನ ಗುಣವೇ ಅದು. ಅದೇ ಲವಂಗ ಲಾಗರ್‌ನಲ್ಲಿ ಬಂದರೆ ಕಾಡು ಯೀಸ್ಟ್ ಸೇರಿರಬಹುದು, ಇಲ್ಲವೇ ವೀಟ್ ಬಿಯರ್ ಹೋಗುತ್ತಿದ್ದ ಲೈನ್‌ಗೆ ಸರಿಯಾಗಿ ತೊಳೆಯದೆ ಲಾಗರ್ ಹಾಕಿರಬಹುದು. ಎರಡನೆಯದಾದರೆ ಕೆಲವು ಗ್ಲಾಸ್ ಹೋದ ಮೇಲೆ ಕಡಿಮೆಯಾಗುತ್ತದೆ, ಮೊದಲನೆಯದು ಹೋಗುವುದಿಲ್ಲ.

ಬ್ಯಾಂಡೇಜ್, ಡೆಟಾಲ್ ಥರದ ವಾಸನೆ ಬಂದರೆ ಮೊದಲು ಕ್ಲೋರಿನ್ ಅನುಮಾನಿಸಿ. ನೀರಿನಲ್ಲಿರುವ ಕ್ಲೋರಿನ್ ಬಿಯರ್‌ನ ಫೀನಾಲ್ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಅದು ತೀರಾ ಸ್ವಲ್ಪ ಇದ್ದರೂ ಮೂಗಿಗೆ ಸಿಗುತ್ತದೆ. ಮಂಗಳೂರಿಗೆ ತುಂಬೆಯ ನೇತ್ರಾವತಿ ನೀರು, ಉಡುಪಿ ಮಣಿಪಾಲಕ್ಕೆ ಬಜೆಯ ಸ್ವರ್ಣಾ ನೀರು ನಲ್ಲಿಯಲ್ಲಿ ಬರುತ್ತದೆ. ನಲ್ಲಿ ನೀರಿಗೆ ಕ್ಲೋರಿನ್ ಹಾಕುವುದು ನಮ್ಮ ಆರೋಗ್ಯಕ್ಕೆ ಬೇಕೇ ಬೇಕು. ಬ್ರೂ ಮಾಡುವವರು ಅದನ್ನು ಕಾರ್ಬನ್ ಫಿಲ್ಟರ್‌ನಲ್ಲಿ ತೆಗೆಯಬೇಕು ಅಷ್ಟೆ. ಬ್ಲೀಚ್‌ನಲ್ಲಿ ತೊಳೆದ ಗ್ಲಾಸ್‌ನಿಂದಲೂ ಇಂಥದ್ದೇ ವಾಸನೆ ಬರುತ್ತದೆ. ಹಾಗಾಗಿ ಇಲ್ಲೂ ಮೊದಲು ಗ್ಲಾಸ್ ಬದಲಿಸಿ. ಕುದುರೆ ಲಾಯ, ಚರ್ಮದ ವಾಸನೆ ಜೊತೆಗಿದ್ದರೆ ಬ್ರೆಟ್ಟನೋಮೈಸಿಸ್ ಅನ್ನುವ ಯೀಸ್ಟ್. ಇದು ನಿಧಾನಿ, ಹಳೇ ಬಾಟಲಿಗಳಲ್ಲಿ ಜಾಸ್ತಿ.

ಬೇಯಿಸಿದ ಜೋಳ, ಕೋಸು, ಕೊಳೆತ ಮೊಟ್ಟೆ, ಹಾಲು ಕಕ್ಕಿದ ವಾಸನೆ

ಜೋಳದ ವಾಸನೆ ಡಿಎಂಎಸ್ (ಡೈಮೀಥೈಲ್ ಸಲ್ಫೈಡ್) ಅನ್ನುವ ಗಂಧಕದ ವಸ್ತುವಿನದು. ತೆಳು ಬಣ್ಣದ ಮಾಲ್ಟ್‌ನಿಂದ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ) ಬರುತ್ತದೆ, ಚೆನ್ನಾಗಿ ಕುದಿಸಿದರೆ ಹಾರಿಹೋಗುತ್ತದೆ. ಲಾಗರ್‌ನಲ್ಲಿ ಚೂರು ಇದ್ದರೆ ತಪ್ಪಿಲ್ಲ. ಕೊಳೆತ ಕೋಸಿನಷ್ಟು ಗಬ್ಬಾಗಿದ್ದರೆ ಯೀಸ್ಟ್ ಹಿಡಿಯುವ ಮೊದಲೇ ಬೇರೆ ಬ್ಯಾಕ್ಟೀರಿಯಾ ಹಿಡಿದಿರಬಹುದು. ಕೊಳೆತ ಮೊಟ್ಟೆಯ ವಾಸನೆ ಯೀಸ್ಟ್‌ನಿಂದಲೂ ಬರುತ್ತದೆ. ಗ್ಲಾಸ್ ಎರಡು ನಿಮಿಷ ತಿರುಗಿಸಿ ಇಟ್ಟರೆ ಹೋಯಿತು ಅಂದರೆ ಬಿಡಿ. ಮಗು ಹಾಲು ಕಕ್ಕಿದಂಥ ವಾಸನೆ ಬ್ಯುಟಿರಿಕ್ ಆಸಿಡ್‌ನದು. ಇದಕ್ಕೆ ಮದ್ದಿಲ್ಲ. ಚೆಲ್ಲಿ.

ಮುಚ್ಚಳ ತೆಗೆದ ಕೂಡಲೇ ಉಕ್ಕಿ ಸುರಿಯುತ್ತದೆ

ಒಂದೇ ಬಾಟಲಿ ಉಕ್ಕಿದರೆ ಸ್ಕೂಟರ್ ಡಿಕ್ಕಿಯಲ್ಲಿ ಕುಲುಕಿರಬಹುದು, ಬಿಸಿಯಾಗಿರಬಹುದು. ಅದೇ ಬ್ಯಾಚ್‌ನ ಇನ್ನೊಂದನ್ನು ಫ್ರಿಜ್‌ನಲ್ಲಿ ಒಂದು ದಿನ ನಿಲ್ಲಿಸಿಟ್ಟು ತೆರೆಯಿರಿ. ಅದೂ ಉಕ್ಕಿತು, ರುಚಿಯೂ ತೆಳ್ಳಗೆ ಒಣಒಣ ಆಗಿದೆ ಅಂದರೆ ಒಳಗೆ ಮತ್ತೆ ಹುದುಗು ಶುರುವಾಗಿದೆ. ಮಾಮೂಲಿ ಯೀಸ್ಟ್ ತಿನ್ನದೆ ಬಿಟ್ಟ ಡೆಕ್ಸ್‌ಟ್ರಿನ್ ಸಕ್ಕರೆಯನ್ನೂ ಡಯಾಸ್ಟಾಟಿಕಸ್ ಅನ್ನುವ ಯೀಸ್ಟ್ ತಿಂದು ಗ್ಯಾಸ್ ಮಾಡುತ್ತದೆ. ಉಕ್ಕಿದರೂ ರುಚಿ ಸರಿಯೇ ಇದ್ದರೆ ಬೂಷ್ಟು ಹಿಡಿದ ಬಾರ್ಲಿಯ ಮಾಲ್ಟ್‌ನಿಂದಲೂ ಆಗಿರಬಹುದು.

ಮಾರಾಯ್ರೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒತ್ತಡ ಮಿತಿ ಮೀರಿದರೆ ಗಾಜಿನ ಬಾಟಲಿ ಒಡೆದು ಚೂರು ಹಾರುತ್ತದೆ. ನಮ್ಮ ಏಪ್ರಿಲ್ ಮೇ ಸೆಕೆಯಲ್ಲಿ ಮುಚ್ಚಿದ ಕಾರಿನೊಳಗೆ ಬಾಟಲಿ ಇಡಲೇಬೇಡಿ. ಉಬ್ಬಿದ ಕ್ಯಾನ್, ಉಕ್ಕುವ ಬ್ಯಾಚ್‌ನ ಬಾಟಲಿ ಮುಟ್ಟುವ ಮೊದಲು ಕನ್ನಡಕ, ದಪ್ಪ ಕೈಗವಸು ಹಾಕಿ. ದಪ್ಪ ಟವೆಲ್ ಸುತ್ತಿ ಫ್ರಿಜ್‌ಗೆ ಸೇರಿಸಿ, ಪೂರ್ತಿ ತಣ್ಣಗಾದ ಮೇಲೆ ಸಿಂಕ್‌ನಲ್ಲಿ, ಮುಖ ದೂರ ಇಟ್ಟು ತೆರೆಯಿರಿ. ಮಕ್ಕಳು ಹತ್ತಿರ ಇರಬಾರದು. ಗಾಜು ಒಡೆದ ಜಾಗದ ಬಿಯರನ್ನು ಸೋಸಿಯೂ ಕುಡಿಯಬಾರದು.

ಮೇಲೆ ಪೊರೆ, ಕುತ್ತಿಗೆಯಲ್ಲಿ ಉಂಗುರ, ಎಳೆಎಳೆಯಾಗಿ ಸುರಿಯುತ್ತದೆ

ಮಬ್ಬಾಗಿರುವುದು ದೋಷ ಅಲ್ಲ, ವೀಟ್ ಬಿಯರ್ ಮಬ್ಬಾಗಿಯೇ ಇರುತ್ತದೆ. ತಳದಲ್ಲಿ ಯೀಸ್ಟ್ ಕೂತಿರುವುದೂ ಸಹಜ. ಆದರೆ ಬಾಟಲಿಯ ಕುತ್ತಿಗೆಯಲ್ಲಿ, ಬಿಯರ್ ಮಟ್ಟಕ್ಕೆ ಸರಿಯಾಗಿ, ಬಿಳಿ ಉಂಗುರ ಅಂಟಿದ್ದರೆ ಏನೋ ಬೆಳೆದಿರಬಹುದು ಅಂತ ಅನುಮಾನಿಸಿ. ಬೆಂಡೆಕಾಯಿ ಲೋಳೆಯಂತೆ ಎಳೆ ಬಂದರೆ ಪೀಡಿಯೋಕಾಕಸ್. ಹಸಿರು, ಕಪ್ಪು ತುಪ್ಪುಳಿನ ಬೂಷ್ಟು ಕಂಡರೆ ರುಚಿ ನೋಡುವುದೇ ಬೇಡ.

ಕೆಟ್ಟಿದೆ, ಆದರೆ ಯಾವುದೂ ಸೇರಿದ್ದಲ್ಲ

ಒದ್ದೆ ರಟ್ಟಿನ ರುಚಿ ಆಮ್ಲಜನಕ ಮತ್ತು ಬಿಸಿಯಿಂದ ಬರುತ್ತದೆ, ಹಳತಾದ ಬಿಯರ್‌ನ ಗುರುತು. ಹಸಿರು ಅಥವಾ ಬಣ್ಣವಿಲ್ಲದ ಬಾಟಲಿಯಲ್ಲಿ ಗಂಧಕದ ಕೆಟ್ಟ ವಾಸನೆ ಬಂದರೆ ಬೆಳಕು ಬಿದ್ದು ಹಾಪ್ಸ್ ಕೆಟ್ಟಿದೆ. ಬಿಸಿಲಲ್ಲಿ ಗ್ಲಾಸ್ ಇಟ್ಟರೂ ಸ್ವಲ್ಪ ಹೊತ್ತಿನಲ್ಲೇ ಬರುತ್ತದೆ, ಪಣಂಬೂರು ಮಲ್ಪೆ ಕಡೆ ಹೊರಗೆ ಕೂತು ಕುಡಿಯುವವರು ನೆನಪಿಡಿ. ಹಸಿ ಸೇಬಿನ ವಾಸನೆ ಇದ್ದರೆ ಬಿಯರ್ ಇನ್ನೂ ಎಳೆಯದು. ರಕ್ತದಂಥ ಕಬ್ಬಿಣದ ರುಚಿ ಇದ್ದರೆ ನೀರಿನ ಕಬ್ಬಿಣವನ್ನೋ ತುಕ್ಕು ಹಿಡಿದ ಜೋಡಣೆಯನ್ನೋ ನೋಡಬೇಕು.

ಟ್ಯಾಪ್ ನಡೆಸುವವರು, ಬ್ರೂ ಮಾಡುವವರು ಮುಂದೆ ನೋಡಬೇಕಾದ್ದು

ಗ್ಲಾಸ್ ಸರಿ ಇದೆ, ದೂರು ನಿಲ್ಲುತ್ತಿಲ್ಲ ಅಂದರೆ ಹಿಂದಕ್ಕೆ ಹೋಗುತ್ತಾ ಒಂದೊಂದೇ ಕಡೆಯಿಂದ ಮಾದರಿ ತೆಗೆಯಿರಿ: ಟ್ಯಾಪ್, ಕೆಗ್, ಟ್ಯಾಂಕ್. ರುಚಿ ಎಲ್ಲಿ ಶುದ್ಧವಾಗುತ್ತದೋ ಅಲ್ಲಿಂದ ಟ್ಯಾಪ್ ಕಡೆಗಿನ ತುಂಡೇ ಕಳ್ಳ. ಒಂದೇ ಸಲ ಎಲ್ಲವನ್ನೂ ತೊಳೆದುಬಿಟ್ಟರೆ ದೋಷ ಹೋಗಬಹುದು, ಕಾರಣ ಮಾತ್ರ ಸಿಗುವುದಿಲ್ಲ.

ಲೈನ್ ಆದರೆ 14 ದಿನಕ್ಕೊಮ್ಮೆ ಕಾಸ್ಟಿಕ್‌ನಲ್ಲಿ ತೊಳೆಯುವುದು, ಟ್ಯಾಪ್ ಮತ್ತು ಕಪ್ಲರ್ (ಕೆಗ್‌ಗೆ ಲೈನ್ ಜೋಡಿಸುವ ಭಾಗ) ಬಿಚ್ಚಿ ಉಜ್ಜುವುದು, ಮೂರು ತಿಂಗಳಿಗೊಮ್ಮೆ ಆಸಿಡ್‌ನಲ್ಲಿ ತೊಳೆಯುವುದು ಒಪ್ಪಿತ ಪದ್ಧತಿ. ಪಂಪ್ ಹಾಕಿ ಕನಿಷ್ಠ 15 ನಿಮಿಷ ಸುತ್ತಿಸಬೇಕು. ನಮ್ಮ ಸೆಕೆಗೆ, ಮಳೆಗಾಲದ ಕರೆಂಟ್ ಕಡಿತಕ್ಕೆ 14 ದಿನವೂ ಜಾಸ್ತಿಯೇ ಅಂತ ನನ್ನ ಅಭಿಪ್ರಾಯ. ತೊಳೆದ ಮೇಲೆ ಹೊರಬರುವ ನೀರಿನ ಪಿಎಚ್, ಒಳಗೆ ಬಿಟ್ಟ ನೀರಿನ ಪಿಎಚ್‌ಗೆ ಸಮ ಆಗುವವರೆಗೆ ಬಿಯರ್ ಜೋಡಿಸಬಾರದು. ಪಿಎಚ್ ಪಟ್ಟಿ ಅಗ್ಗದ್ದು, ಅದಿಲ್ಲದೆ ಕಾಸ್ಟಿಕ್ ಮುಟ್ಟಲೇಬೇಡಿ. ಕನ್ನಡಕ, ಕೈಗವಸು ಇರಲಿ. ಕಾಸ್ಟಿಕ್ ಮತ್ತು ಆಸಿಡ್ ಯಾವತ್ತೂ ಒಟ್ಟಿಗೆ ಬೆರೆಸಬಾರದು, ಬ್ಲೀಚ್‌ಗೆ ಆಸಿಡ್ ತಾಗಿದರೆ ವಿಷದ ಗ್ಯಾಸ್ ಬರುತ್ತದೆ.

ಟ್ಯಾಂಕ್‌ನಲ್ಲಿ ಬೆಣ್ಣೆಯ ಅನುಮಾನ ಇದ್ದರೆ ಎರಡು ಮುಚ್ಚಿದ ಜಾಡಿಯಲ್ಲಿ ಮಾದರಿ ತೆಗೆದುಕೊಳ್ಳಿ. ಒಂದನ್ನು 60ರಿಂದ 65 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಇಟ್ಟು, ಎರಡನ್ನೂ ಒಂದೇ ತಂಪಿಗೆ ತಂದು ಮೂಸಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಯೀಸ್ಟ್‌ಗೆ ಇನ್ನೂ ದಿನ ಬೇಕು, ತಂಪು ಮಾಡಬೇಡಿ. ಎರಡರಲ್ಲೂ ಇಲ್ಲದಿದ್ದರೆ ಸರಿ. ಕಾಡು ಯೀಸ್ಟ್ ಅನುಮಾನಕ್ಕೆ ಬಿಯರ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಸಾಕು, ಸಕ್ಕರೆ ಕಡಿಮೆಯಾದಂತೆ ಅಂಕಿ ಇಳಿಯುತ್ತದೆ: ತುಂಬಿಸುವಾಗ 1.012 ಇದ್ದದ್ದು ಈಗ 1.004 ತೋರಿಸಿದರೆ ಒಳಗೆ ಯಾರೋ ಇನ್ನೂ ತಿನ್ನುತ್ತಿದ್ದಾರೆ. ಗ್ಲೈಕಾಲ್ ಟ್ಯಾಂಕಿನ ಮಟ್ಟ ಕಾರಣವಿಲ್ಲದೆ ಇಳಿಯುತ್ತಿದ್ದರೆ ಸೋರಿಕೆ ಎಲ್ಲಿ ಅಂತ ಸಿಗುವವರೆಗೆ ಅದರಿಂದ ತಂಪಾಗುವ ಟ್ಯಾಂಕಿನ ಬಿಯರ್ ಯಾರಿಗೂ ಕೊಡಬೇಡಿ, ನೀವೂ ರುಚಿ ನೋಡಬೇಡಿ. ಇಲ್ಲಿಂದ ಮುಂದೆ ಲ್ಯಾಬ್‌ನ ಕೆಲಸ.

ದೂರು ಕೊಡಬೇಕಾಗಿ ಬಂದರೆ

ಹುಳಿ, ಬೆಣ್ಣೆಗೆಲ್ಲ ಕೌಂಟರ್‌ನಲ್ಲಿ ಹೇಳಿದರೆ ಸಾಕು. ಒಳ್ಳೆಯ ಜಾಗದವರು ಬದಲಿಸಿ ಕೊಡುತ್ತಾರೆ, ಟ್ಯಾಪ್ ಕೂಡ ನೋಡುತ್ತಾರೆ. ಕೆಮಿಕಲ್, ಗಾಜು, ಅಥವಾ ಕುಡಿದವರಿಗೆ ಹುಷಾರು ತಪ್ಪಿದ್ದರೆ ಉಳಿದ ಬಿಯರ್ ಚೆಲ್ಲಬೇಡಿ. ಶುದ್ಧ ಗಾಜಿನ ಬಾಟಲಿಗೆ ಹಾಕಿ, ಮುಚ್ಚಿ, ದಿನ, ಹೊತ್ತು, ಬಿಯರ್ ಹೆಸರು, ಟ್ಯಾಪ್ ಯಾವುದು ಅಂತ ಬರೆದು ಫ್ರಿಜ್‌ನಲ್ಲಿಡಿ. "ಕುಡಿಯಬೇಡಿ" ಅಂತ ದೊಡ್ಡದಾಗಿ ಬರೆಯಿರಿ, ಮನೆಯಲ್ಲಿ ಬೇರೆಯವರು ತೆಗೆದುಬಿಡಬಹುದು. ಬಾಟಲಿಯದ್ದಾದರೆ ಬ್ಯಾಚ್ ನಂಬರ್ ಇರುವ ಲೇಬಲ್, ಮುಚ್ಚಳ ಎರಡೂ ಇರಲಿ. ಬಿಲ್ ಜೋಪಾನ. ಬಿಯರ್‌ಗೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ ಇದೆ, ಮದ್ಯದ ಮಾನದಂಡಗಳು 2018ರಲ್ಲೇ ಬಂದಿವೆ. ಆದ್ದರಿಂದ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ, ಅಬಕಾರಿ ಇಲಾಖೆಗೆ ಬರೆದು ಕೊಡಬಹುದು. ದುಡ್ಡಿನ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇಷ್ಟೆಲ್ಲ ರುಚಿ ನೋಡಿದ ಮೇಲೆ ಗಾಡಿ ಓಡಿಸಬೇಡಿ. ಸಣ್ಣ ಸಣ್ಣ ಗುಟುಕುಗಳೂ ಲೆಕ್ಕಕ್ಕೆ ಬರುತ್ತವೆ, ಆಟೋ ಹಿಡಿಯಿರಿ.